ವಾಸನೆಯ ಜಾಡು ಹಿಡಿದು



ಮನೆಯೊಳಗೆ ಎಲ್ಲಿಂದಲೋ ಕೆಟ್ಟ ವಾಸನೆ ಬರತೊಡಗಿದರೆ ನಾವು ಮೊದಲು ಮಾಡುವ ಕೆಲಸ ಊದುಬತ್ತಿ ಹಚ್ಚುವುದು. ಅದರಿಂದಲೂ ಹೋಗದಿದ್ದರೆ ನೆಲ ಒರೆಸುವ ನೀರಿಗೆ ಇನ್ನೊಂದು ಮುಚ್ಚಳ ಫಿನಾಯಿಲ್ ಸುರಿಯುತ್ತೇವೆ. ಬೀರುವಿನಲ್ಲಿ ಮುಗ್ಗಲು ವಾಸನೆ ಎಂದರೆ ಬಟ್ಟೆಗಳ ನಡುವೆ ನ್ಯಾಫ್ತಲೀನ್ ಗುಳಿಗೆ ಇಡುತ್ತೇವೆ. ಬಚ್ಚಲಿನ ಗೋಡೆಗೆ ನೇತುಹಾಕುವ ಸುಗಂಧದ ಪೊಟ್ಟಣಗಳು ಈಗ ಸಣ್ಣ ಊರಿನ ಅಂಗಡಿಗಳಲ್ಲೂ ಸಿಗುತ್ತವೆ. ಇದೆಲ್ಲ ಆದ ಮೇಲೂ ವಾಸನೆಯ ಮೂಲ ಇದ್ದಲ್ಲೇ ಇರುತ್ತದೆ.

ವಾಸನೆ ಬಂತು ಎಂದರೆ ಯಾವುದೋ ವಸ್ತುವಿನ ಕಣಗಳು ಗಾಳಿಗೆ ಸೇರಿ ನಮ್ಮ ಮೂಗನ್ನು ಮುಟ್ಟಿವೆ ಎಂದರ್ಥ. ಆ ವಸ್ತು ಹತ್ತಿರದಲ್ಲೇ ಎಲ್ಲೋ ಇದೆ. ಕೊಳೆಯುತ್ತಿದೆ, ಸೋರುತ್ತಿದೆ, ಸುಡುತ್ತಿದೆ, ಇಲ್ಲವೆ ಅರಳುತ್ತಿದೆ. ಅದನ್ನು ಹುಡುಕದೆ ಮೇಲೊಂದು ಪರಿಮಳ ಹೊದಿಸಿದರೆ ಮನೆ ನಮಗೆ ಕೊಟ್ಟ ಸುದ್ದಿಯನ್ನು ನಾವೇ ಅಳಿಸಿದಂತೆ. ಈ ಹೊತ್ತು ನಾನು ನಿಮಗೆ ಹೇಳಬೇಕೆಂದು ಬಂದಿರುವುದು ಇದನ್ನೇ: ವಾಸನೆಯನ್ನು ಮುಚ್ಚಬೇಡಿ, ಹುಡುಕಿ.

1858ರ ಬೇಸಿಗೆಯಲ್ಲಿ ಲಂಡನ್ ನಗರಕ್ಕೆ ಈ ಪಾಠ ಕಷ್ಟದಲ್ಲಿ ಸಿಕ್ಕಿತು. ಊರಿನ ಕೊಳಚೆಯೆಲ್ಲ ಥೇಮ್ಸ್ ನದಿಗೆ ಬೀಳುತ್ತಿತ್ತು. ಆ ವರ್ಷದ ಬಿಸಿಲಿಗೆ ನದಿಯ ನಾತ ದಡದ ಮೇಲಿದ್ದ ಸಂಸತ್ ಭವನದೊಳಕ್ಕೂ ನುಗ್ಗಿತು. ಕಿಟಕಿಯ ಪರದೆಗಳನ್ನು ಸುಣ್ಣದ ಕ್ಲೋರೈಡಿನಲ್ಲಿ ಅದ್ದಿ ತೂಗುಹಾಕಿ ನೋಡಿದರು, ಪ್ರಯೋಜನವಾಗಲಿಲ್ಲ. ಕಡೆಗೆ ಜೋಸೆಫ್ ಬೇಜಲ್‌ಗೆಟ್ ಎಂಬ ಎಂಜಿನಿಯರ್ ನೆಲದಡಿಯಲ್ಲಿ ಚರಂಡಿಗಳ ದೊಡ್ಡ ಜಾಲ ಕಟ್ಟಿ ಕೊಳಚೆಯನ್ನು ಊರಾಚೆಗೆ ಸಾಗಿಸಿದ ಮೇಲೆ ನದಿಯ ದಂಡೆಯಲ್ಲಿ ಜನ ಉಸಿರಾಡುವಂತಾಯಿತು. ಪರದೆ ಅದ್ದುವುದೋ ಚರಂಡಿ ಕಟ್ಟುವುದೋ ಎಂಬ ಪ್ರಶ್ನೆ ನಮ್ಮ ಮನೆಗಳಲ್ಲೂ ದಿನಾ ಏಳುತ್ತದೆ.

ಹುಡುಕಲು ಬೇಕಾದ ಸಾಧನ ನಮ್ಮ ಮುಖದ ಮೇಲೇ ಇದೆ. ನಾಯಿಯ ಮೂಗಿನ ಮುಂದೆ ನಮ್ಮದು ಯಾವ ಲೆಕ್ಕ ಎಂದುಕೊಂಡು ನಾವು ಅದನ್ನು ಕಡೆಗಣಿಸಿಬಿಟ್ಟಿದ್ದೇವೆ. ವಾಸನೆ ಹಿಡಿಯುವ ಗ್ರಾಹಕಗಳನ್ನು ರೂಪಿಸುವ ಜೀನುಗಳ ದೊಡ್ಡ ಕುಟುಂಬವನ್ನು ಅಮೆರಿಕದ ರಿಚರ್ಡ್ ಆಕ್ಸೆಲ್ ಮತ್ತು ಲಿಂಡಾ ಬಕ್ 1991ರಲ್ಲಿ ಪತ್ತೆ ಮಾಡಿದರು. 2004ರಲ್ಲಿ ಅವರಿಬ್ಬರಿಗೂ ನೊಬೆಲ್ ಪ್ರಶಸ್ತಿ ಬಂತು. ಬಣ್ಣ ಗುರುತಿಸಲು ನಮ್ಮ ಕಣ್ಣಿನಲ್ಲಿರುವುದು ಮೂರು ಬಗೆಯ ಕೋಶಗಳು. ವಾಸನೆಗೆ ಮೂಗಿನಲ್ಲಿ ಸುಮಾರು 400 ಬಗೆಯ ಗ್ರಾಹಕಗಳಿವೆ. ಅನ್ನ ಸೀದದ್ದನ್ನು ನಡುಮನೆಯಲ್ಲಿ ಕೂತೇ ಹೇಳುತ್ತೇವೆ. ಹಾಲು ಒಡೆಯುವ ಮೊದಲೇ ಅದರ ಹುಳಿ ತಿಳಿಯುತ್ತದೆ. ಎಣ್ಣೆ ಕಮಟಾಗಿದೆಯೆಂದು ಡಬ್ಬಿಯ ಮುಚ್ಚಳ ತೆಗೆದಾಕ್ಷಣ ಗೊತ್ತಾಗುತ್ತದೆ.

ಆದರೆ ಮೂಗಿಗೆ ಒಂದು ಮಿತಿ ಇದೆ, ಅದು ಬೇಗ ದಣಿಯುತ್ತದೆ. ಒಂದೇ ವಾಸನೆಯಲ್ಲಿ ಕೆಲವು ನಿಮಿಷ ಇದ್ದರೆ ಸಾಕು, ಮಿದುಳು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನೇ ನಿಲ್ಲಿಸುತ್ತದೆ. ಮನೆಯವರಿಗೆ ಗೊತ್ತಾಗದ ವಾಸನೆ ಬಂದ ನೆಂಟರಿಗೆ ಹೊಸ್ತಿಲಲ್ಲೇ ಗೊತ್ತಾಗುವುದು ಇದಕ್ಕೇ. ಹಾಗಾಗಿ ಹುಡುಕಾಟ ಶುರುಮಾಡುವ ಮುಂಚೆ ಅಂಗಳಕ್ಕೆ ಹೋಗಿ ಒಂದು ಹತ್ತು ನಿಮಿಷ ಬಯಲ ಗಾಳಿಯಲ್ಲಿ ನಿಲ್ಲಿ. ಊದುಬತ್ತಿ, ಸೆಂಟು ಯಾವುದೂ ಬೇಡ. ಫ್ಯಾನುಗಳನ್ನೆಲ್ಲ ಆರಿಸಿ, ಏಕೆಂದರೆ ಫ್ಯಾನು ತಿರುಗುತ್ತಿದ್ದರೆ ಮೂಲೆಯ ವಾಸನೆ ಮನೆಯೆಲ್ಲ ಹರಡಿ ಜಾಡು ತಪ್ಪುತ್ತದೆ. ರಾತ್ರಿ ಮಲಗುವಾಗ ಎಲ್ಲ ಕೋಣೆಗಳ ಬಾಗಿಲು ಹಾಕಿಟ್ಟು ಬೆಳಗ್ಗೆ ಒಂದೊಂದನ್ನೇ ತೆರೆದು ಹೊಸ್ತಿಲಲ್ಲಿ ನಿಂತು ಉಸಿರೆಳೆದುಕೊಳ್ಳಿ. ಯಾವ ಕೋಣೆ ಎಂಬುದು ಅಲ್ಲೇ ತೀರ್ಮಾನವಾಗುತ್ತದೆ. ಆಮೇಲೆ ಆ ಕೋಣೆಯಲ್ಲಿ ಮಂಡಿಯೂರಿ ನೆಲದ ಮಟ್ಟದಲ್ಲಿ ಮೂಸಿ ನೋಡಿ, ಸ್ಟೂಲು ಹತ್ತಿ ಸಜ್ಜೆಯ ಮಟ್ಟದಲ್ಲೂ ನೋಡಿ. ವಾಸನೆ ಯಾವ ಹೊತ್ತಿನಲ್ಲಿ ಹೆಚ್ಚು ಎಂದು ಎರಡು ಮೂರು ದಿನ ಗಮನಿಸಿದರೆ ಅರ್ಧ ಕೆಲಸ ಮುಗಿದ ಹಾಗೆ. ಬಟ್ಟೆ ಒಗೆಯುವ ಯಂತ್ರ ನೀರು ಬಿಟ್ಟಾಗ ಮಾತ್ರವೇ? ಮಳೆ ಬಂದ ಮರುದಿನವೇ? ಪಡುವಣ ಗಾಳಿ ಬೀಸಿದಾಗಲೇ? ಮನೆಯಲ್ಲಿ ಮಕ್ಕಳಿದ್ದರೆ ಅವರನ್ನೂ ಕೇಳಿ. ಅವರು ನೆಲಕ್ಕೆ ಹತ್ತಿರ ಆಡುತ್ತಿರುತ್ತಾರೆ, ದೊಡ್ಡವರಿಗೆ ಸಿಗದ್ದು ಅವರಿಗೆ ಸಿಗುತ್ತದೆ.

ನಾನು ಕಂಡಂತೆ ನಗರದ ಮನೆಗಳ ಗುರುತು ಸಿಗದ ವಾಸನೆಗಳಲ್ಲಿ ಹೆಚ್ಚಿನವು ಬಚ್ಚಲ ತೂಬಿನಿಂದಲೇ ಬರುತ್ತವೆ. ಮೈಸೂರಿನ ನಮ್ಮ ಬೀದಿಯಲ್ಲಿ ಒಂದು ಮಹಡಿ ಮನೆ. ಮಗ ಹೊರದೇಶದಲ್ಲಿ, ಅವನ ಕೋಣೆ ಬೀಗ ಹಾಕಿದಂತೆಯೇ ಇರುತ್ತಿತ್ತು. ಪ್ರತಿ ಬೇಸಿಗೆಯಲ್ಲೂ ಆ ಮಹಡಿಯಲ್ಲಿ ಕೊಳೆತ ಮೊಟ್ಟೆಯ ವಾಸನೆ. ಪೈಪು ಒಡೆದಿದೆ, ನೆಲ ಅಗೆಸಬೇಕು ಎಂದು ಒಬ್ಬರು ಹೇಳಿ ಹೋಗಿದ್ದರು. ಆಮೇಲೆ ಬಂದ ವಯಸ್ಸಾದ ಪ್ಲಂಬರು ಏನನ್ನೂ ಮುಟ್ಟುವ ಮೊದಲು ಕೇಳಿದ್ದು ಒಂದೇ ಪ್ರಶ್ನೆ: “ಅಮ್ಮಾ, ಈ ಬಚ್ಚಲಿಗೆ ನೀರು ಬಿಟ್ಟು ಎಷ್ಟು ದಿನ ಆಯ್ತು?” ಯಜಮಾನಿತಿಗೆ ನೆನಪಿರಲಿಲ್ಲ. ಪ್ಲಂಬರು ಜಾಲರಿ ಎತ್ತಿ ಟಾರ್ಚು ಬಿಟ್ಟರು. ಒಳಗೆ ನೀರು ಹೊಳೆಯಬೇಕಿದ್ದ ಜಾಗದಲ್ಲಿ ಒಣಗಿದ ಕೂದಲು, ಸೋಪಿನ ಬಿಳಿ ಪೊರೆ. ಒಂದು ಬಕೆಟ್ ನೀರು ಸುರಿದರು. ಸಂಜೆಯ ಹೊತ್ತಿಗೆ ವಾಸನೆ ಇಲ್ಲ.

ಆ ಜಾಲರಿಯ ಕೆಳಗಿರುವುದಕ್ಕೆ ನಮ್ಮ ಪ್ಲಂಬರುಗಳು ನಾನಿ ಟ್ರ್ಯಾಪ್ ಎನ್ನುತ್ತಾರೆ. ಬಟ್ಟಲಿನಂಥ ಒಂದು ಬಾಗು, ಅದರಲ್ಲಿ ಸದಾ ಸುಮಾರು 50 ಮಿಲಿಮೀಟರ್, ಅಂದರೆ ಎರಡು ಅಂಗುಲ ನೀರು ನಿಂತಿರುತ್ತದೆ. ಬಳಸಿದ ನೀರು ಕೆಳಗಿಳಿಯುತ್ತದೆ, ಚರಂಡಿಯ ಗಾಳಿ ಮೇಲೆ ಬರಲಾರದು. ನಿಂತ ಆ ಎರಡಂಗುಲ ನೀರೇ ಬಾಗಿಲು. ಲಂಡನ್ನಿನ ಗಡಿಯಾರ ತಯಾರಕ ಅಲೆಕ್ಸಾಂಡರ್ ಕಮಿಂಗ್ 1775ರಲ್ಲಿ ಕಕ್ಕಸಿನ ಪೈಪಿಗೆ ಇಂಥ ಬಾಗನ್ನು ಸೇರಿಸಿ ಪೇಟೆಂಟ್ ಪಡೆದ. ಇಂದಿಗೂ ಜಗತ್ತಿನ ಬಚ್ಚಲು, ಕಕ್ಕಸುಗಳೆಲ್ಲ ನಿಂತಿರುವುದು ಅದೇ ತತ್ವದ ಮೇಲೆ. ಬಳಸದೆ ಬಿಟ್ಟ ಬಚ್ಚಲಿನಲ್ಲಿ ಬೇಸಿಗೆಯಲ್ಲಿ ಆ ನೀರು ಆವಿಯಾಗುತ್ತದೆ, ಬಾಗಿಲು ತೆರೆದುಕೊಳ್ಳುತ್ತದೆ. ವಾರಕ್ಕೊಂದು ಚೊಂಬು ನೀರು ಹಾಕಿದರೆ ಸಾಕು. ತಿಂಗಳುಗಟ್ಟಲೆ ಊರಿಗೆ ಹೋಗುವವರು ನೀರಿನ ಮೇಲೆ ಎರಡು ಚಮಚ ಅಡುಗೆ ಎಣ್ಣೆ ಬಿಡಿ. ಎಣ್ಣೆ ತೇಲಿಕೊಂಡು ನೀರು ಆರದಂತೆ ಕಾಯುತ್ತದೆ.

ತೂಬಿನ ಮೇಲೆ ಅನುಮಾನವಿದ್ದು ಖಾತ್ರಿ ಇಲ್ಲದಿದ್ದರೆ ಖರ್ಚಿಲ್ಲದ ಒಂದು ಪರೀಕ್ಷೆ ಇದೆ. ರಾತ್ರಿ ಜಾಲರಿಯ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ ಅಂಚಿಗೆಲ್ಲ ಟೇಪು ಅಂಟಿಸಿ. ಬೆಳಗ್ಗೆ ಕೋಣೆಯಲ್ಲಿ ವಾಸನೆ ಇಲ್ಲದಿದ್ದರೆ ಅಪರಾಧಿ ಅದೇ. ವಾಸನೆ ಹಾಗೇ ಇದ್ದರೆ ಮುಂದಿನ ರಾತ್ರಿ ಇನ್ನೊಂದು ತೂಬು. ಅಡುಗೆಮನೆಯ ಸಿಂಕಿನ ಕೆಳಗೂ ಒಮ್ಮೆ ಬಗ್ಗಿ ನೋಡಬೇಕು. ಬಾಡಿಗೆ ಮನೆಗಳಲ್ಲಿ ಸುಕ್ಕುಸುಕ್ಕಾದ ಬಿಳಿ ಪೈಪನ್ನು ಗೋಡೆಯ ದೊಡ್ಡ ಪೈಪಿನೊಳಕ್ಕೆ ಸುಮ್ಮನೆ ತುರುಕಿರುತ್ತಾರೆ. ಬಾಗೂ ಇರುವುದಿಲ್ಲ, ಸುತ್ತಲಿನ ಸಂದಿಯನ್ನು ಮುಚ್ಚಿರುವುದೂ ಇಲ್ಲ. ರಾತ್ರಿ ಜಿರಳೆ ಬರುವುದೂ ಆ ಸಂದಿಯಿಂದಲೇ. ಪೈಪಿಗೆ ಬಾಗು ಕೊಟ್ಟು ಸಂದಿಗೆ ಒಂದು ರಬ್ಬರ್ ಬಳೆ ಹಾಕಿದರೆ ವಾಸನೆ, ಜಿರಳೆ ಎರಡೂ ನಿಲ್ಲುತ್ತವೆ. ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ವಾಸನೆ ಹೋಗಲಿ ಎಂದು ಬ್ಲೀಚಿಂಗ್ ಪೌಡರನ್ನೂ ಕಕ್ಕಸು ತೊಳೆಯುವ ಆಸಿಡ್ಡನ್ನೂ ಒಟ್ಟಿಗೆ ಸುರಿಯಬೇಡಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಕಿಟಕಿ ಮುಚ್ಚಿದ ಸಣ್ಣ ಬಚ್ಚಲಿನಲ್ಲಿ ಅದು ಶ್ವಾಸಕೋಶವನ್ನು ಸುಡುತ್ತದೆ.

ಕೊಳೆತ ಮೊಟ್ಟೆಯ ಆ ವಾಸನೆ ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲದ್ದು. ಗಾಳಿಯಾಡದ ಕಡೆ ಏನು ಕೊಳೆತರೂ ಅದು ಹುಟ್ಟುತ್ತದೆ. ಅತಿ ಕಡಿಮೆ ಇದ್ದಾಗಲೇ ಮೂಗಿಗೆ ಸಿಗುವ ಈ ಅನಿಲ, ಹತ್ತು ಲಕ್ಷಕ್ಕೆ 100 ಭಾಗದಷ್ಟಾದರೆ ಮೂಗಿನ ಶಕ್ತಿಯನ್ನೇ ಕಿತ್ತುಕೊಳ್ಳುತ್ತದೆ. ಸೆಪ್ಟಿಕ್ ಟ್ಯಾಂಕಿಗೆ ಇಳಿದವರಿಗೆ ವಾಸನೆ ನಿಂತಂತೆ ಅನ್ನಿಸುತ್ತದೆ. ನಿಂತದ್ದು ವಾಸನೆಯಲ್ಲ, ಮೂಗು. ಮೇಲಕ್ಕೆ ಬಾರದೆ ಹೋದವನನ್ನು ಎತ್ತಲು ಇಳಿದ ಎರಡನೆಯವನೂ ಅಲ್ಲೇ ಉಳಿದ ಸುದ್ದಿಗಳನ್ನು ನಾವು ಪದೇ ಪದೇ ಓದುತ್ತಿದ್ದೇವೆ. ರಕ್ಷಣೆಯಿಲ್ಲದೆ ಮನುಷ್ಯರನ್ನು ಆ ಗುಂಡಿಗೆ ಇಳಿಸುವುದು 2013ರ ಕಾಯ್ದೆಯ ಪ್ರಕಾರ ಅಪರಾಧ. ಕಾಯ್ದೆ ಇಲ್ಲದಿದ್ದರೂ ಅದು ಅಪರಾಧವೇ. ಟ್ಯಾಂಕು ತುಂಬಿದ್ದರೆ ಹೀರುವ ಯಂತ್ರದ ವಾಹನ ಕರೆಸಿ. ತುಂಬದೆಯೂ ನಾತ ಬರುತ್ತಿದ್ದರೆ ಅದರ ಗಾಳಿ ಕೊಳವೆ ಮಾಳಿಗೆಗಿಂತ ಮೇಲಿದೆಯೇ, ತುದಿಯ ಸೊಳ್ಳೆಬಲೆ ಕಸ ಕಟ್ಟಿಕೊಂಡಿದೆಯೇ ನೋಡಿ. ಕಕ್ಕಸಿಗೆ ದಿನವೂ ಆಸಿಡ್, ಫಿನಾಯಿಲ್ ಧಾರಾಳವಾಗಿ ಸುರಿಯುವ ಮನೆಗಳಲ್ಲಿ ಟ್ಯಾಂಕಿನ ನಾತ ಹೆಚ್ಚು. ಮಲವನ್ನು ಕರಗಿಸುವ ಬ್ಯಾಕ್ಟೀರಿಯಾಗಳು ಅದರಿಂದ ಸಾಯುತ್ತವೆ.

ಇನ್ನು ಸತ್ತ ಇಲಿ. ಈ ವಾಸನೆಗೆ ಪರಿಚಯ ಬೇಡ. ಮಾಂಸ ಕೊಳೆಯುವಾಗ ಹುಟ್ಟುವ ಪುಟ್ರೆಸಿನ್, ಕಡಾವರಿನ್ ಎಂಬ ವಸ್ತುಗಳು ಇದಕ್ಕೆ ಕಾರಣ. ಇಲಿಪಾಷಾಣ ತಿಂದ ಇಲಿ ನೀರು ಹುಡುಕಿಕೊಂಡು ಮನೆಯ ಹೊರಗೆ ಹೋಗಿ ಸಾಯುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ. ಅದು ನಿಜವಲ್ಲ. ಈಗ ಬಿಲ್ಲೆಯ ರೂಪದಲ್ಲಿ ಮಾರುವ ಬ್ರೋಮಡಿಯೋಲೋನ್‌ನಂಥ ವಿಷಗಳು ರಕ್ತ ಹೆಪ್ಪುಗಟ್ಟದಂತೆ ಮಾಡಿ ಕೆಲವು ದಿನಗಳ ಮೇಲೆ ಕೊಲ್ಲುತ್ತವೆ. ಸುಸ್ತಾದ ಇಲಿ ತನಗೆ ಭದ್ರವೆನಿಸಿದ ಸಂದಿಗೇ ಹೋಗುತ್ತದೆ: ಅಟ್ಟದ ಹಳೆ ಟ್ರಂಕಿನ ಹಿಂದೆ, ಸುಳ್ಳುಛಾವಣಿಯ ಮೇಲೆ, ಫ್ರಿಜ್ಜಿನ ಮೋಟರಿನ ಬೆಚ್ಚಗಿನ ಬದಿಗೆ. ವಿಷ ತಿಂದ ಇಲಿಯನ್ನು ಹಿಡಿದ ಗೂಬೆಗೂ ಆ ವಿಷ ಸೇರುತ್ತದೆ. ಇಲಿಗಳನ್ನು ಹತೋಟಿಯಲ್ಲಿಡುವ ಗೂಬೆಯನ್ನೇ ಕೊಂದು ಇಲಿ ಹೆಚ್ಚಾಯಿತು ಎನ್ನುವುದರಲ್ಲಿ ಅರ್ಥವಿಲ್ಲ. ನಮ್ಮ ಅಜ್ಜಿಯಂದಿರ ಇಲಿಬೋನೇ ಒಳ್ಳೆಯದು. ಇಲಿ ಎಲ್ಲಿದೆ ಎಂಬುದು ಅದರಲ್ಲಿ ಕಣ್ಣಿಗೇ ಕಾಣುತ್ತದೆ.

ಸತ್ತದ್ದನ್ನು ಹುಡುಕುವಾಗ ಮೂಗಿಗಿಂತ ನೊಣ ಚುರುಕು. ಹಸಿರು, ನೀಲಿ ಹೊಳಪಿನ ದಪ್ಪ ನೊಣಗಳು ಯಾವ ಸಂದಿಯ ಮುಂದೆ ಸುತ್ತುತ್ತಿವೆ, ಇರುವೆಯ ಸಾಲು ಯಾವ ಬಿರುಕಿನೊಳಗೆ ಹೋಗುತ್ತಿದೆ ಎಂದು ನೋಡಿ. ಸಿಕ್ಕ ಮೇಲೆ ಬರಿಗೈಯಲ್ಲಿ ಮುಟ್ಟಬಾರದು, ಒಣ ಪೊರಕೆಯಲ್ಲಿ ಗುಡಿಸಲೂಬಾರದು. ಇಲಿಯ ಮೂತ್ರದಿಂದ ಇಲಿ ಜ್ವರ ಹರಡುತ್ತದೆ. ಕೈಗವಸು ಹಾಕಿ, ಬ್ಲೀಚ್ ಬೆರೆಸಿದ ನೀರಿನಿಂದ ಜಾಗವನ್ನು ತೋಯಿಸಿ ಸ್ವಲ್ಪ ಹೊತ್ತು ಬಿಟ್ಟು ತೆಗೆದು, ಆಳವಾಗಿ ಹೂಳಿ. ಕೈಗೆ ಸಿಗದ ಗೋಡೆಯ ಸಂದಿಯಲ್ಲಿದ್ದರೆ ಕಾಯುವುದೊಂದೇ ದಾರಿ. ಸಣ್ಣ ಇಲಿಯಾದರೆ ಹೆಚ್ಚುಕಡಿಮೆ ಒಂದು ವಾರ, ಹೆಗ್ಗಣವಾದರೆ ಹಲವು ವಾರ. ಆ ತನಕ ಕಿಟಕಿ ತೆರೆದಿಡಿ, ಸಂದಿಯ ಬಾಯಲ್ಲಿ ಒಲೆಯ ಇದ್ದಿಲು ಇಡಿ.

ಇಲಿಯೆಂದು ತಪ್ಪು ತಿಳಿದು ನಾವು ಬಡಿದು ಹಾಕುವ ಇನ್ನೊಂದು ಪ್ರಾಣಿಯ ಪರವಾಗಿ ಒಂದು ಮಾತು ಹೇಳಬೇಕು. ಉದ್ದ ಮೂತಿಯ ಸೊಂಡಿಲಿ ಗೋಡೆಯ ಅಂಚಿನಲ್ಲಿ ಚಿಕ್ ಚಿಕ್ ಎನ್ನುತ್ತ ಓಡಿದ ಜಾಗದಲ್ಲಿ ಕಸ್ತೂರಿಯಂಥ ಗಾಢವಾದ ವಾಸನೆ ಉಳಿಯುತ್ತದೆ. ಅದರ ಪಕ್ಕೆಯಲ್ಲಿರುವ ಗ್ರಂಥಿಯ ವಾಸನೆ ಅದು. ಬೆಕ್ಕು ಹಿಡಿದರೂ ತಿನ್ನದೆ ಬಿಡುವುದು ಅದಕ್ಕೇ. ಸೊಂಡಿಲಿ ಇಲಿಯ ಜಾತಿಯೇ ಅಲ್ಲ. ಅದು ತಿನ್ನುವುದು ಜಿರಳೆ, ಹುಳುಹುಪ್ಪಟೆ. ವಾಸನೆ ಬೇಡವೆಂದರೆ ಬಾಗಿಲ ಕೆಳಗಿನ ಸಂದಿ ಮುಚ್ಚಿ, ಅದನ್ನು ಕೊಲ್ಲಬೇಡಿ.

ಮಳೆಗಾಲಕ್ಕೆ ಬರೋಣ. ಮೊದಲ ಮಳೆಯ ಮಣ್ಣಿನ ಕಂಪು ಯಾರಿಗೆ ಇಷ್ಟವಿಲ್ಲ? ಆಸ್ಟ್ರೇಲಿಯಾದ ಇಸಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್ 1964ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಈ ಕಂಪಿನ ಬಗ್ಗೆ ಬರೆದು ಅದಕ್ಕೆ ಪೆಟ್ರಿಕೋರ್ ಎಂದು ಹೆಸರಿಟ್ಟರು. ಅದೇ ಕಂಪನ್ನು ಉತ್ತರ ಪ್ರದೇಶದ ಕನೌಜಿನ ಕುಶಲಕರ್ಮಿಗಳು ಸುಟ್ಟ ಮಣ್ಣಿನಿಂದ ಭಟ್ಟಿ ಇಳಿಸಿ ಮಣ್ಣಿನ ಅತ್ತರಾಗಿ ಮಾರುತ್ತ ಬಂದಿದ್ದಾರೆ. ಮಣ್ಣಿನ ಕಂಪಿನ ಮುಖ್ಯ ಅಂಶ ಜಿಯೋಸ್ಮಿನ್. ಮಣ್ಣಿನಲ್ಲಿರುವ ಸ್ಟ್ರೆಪ್ಟೊಮೈಸಿಸ್ ಎಂಬ ಸೂಕ್ಷ್ಮಜೀವಿಗಳು ಅದನ್ನು ತಯಾರಿಸುತ್ತವೆ. ಲಕ್ಷ ಕೋಟಿ ಭಾಗ ನೀರಿನಲ್ಲಿ ಐದಾರು ಭಾಗ ಜಿಯೋಸ್ಮಿನ್ ಇದ್ದರೂ ಮನುಷ್ಯನ ಮೂಗಿಗೆ ತಿಳಿಯುತ್ತದೆ. ಬೀಟ್‌ರೂಟಿನ ಮಣ್ಣುವಾಸನೆಯೂ ಇದರದ್ದೇ.

ಹೊಲದಲ್ಲಿ ಹಿತವಾದ ಈ ವಾಸನೆ ಮಾಗಿಯ ಒಣ ಹವೆಯಲ್ಲಿ ನಿಮ್ಮ ಬೀರುವಿನೊಳಗಿಂದ ಬಂದರೆ ಕೂಡಲೇ ಏಳಬೇಕು. ಬೀರುವಿನ ಹಿಂದಿನ ಗೋಡೆ ತೇವವಾಗಿದೆ, ಅಲ್ಲಿ ಬೂಸ್ಟು ಬೆಳೆಯುತ್ತಿದೆ. ಗೋಡೆಯ ಆಚೆ ಬಚ್ಚಲಿದ್ದರೆ ಪೈಪಿನ ಕೀಲು ಹನಿಯುತ್ತಿರುವ ಸಾಧ್ಯತೆ ಹೆಚ್ಚು. ಖಾತ್ರಿ ಮಾಡಿಕೊಳ್ಳಲು ಅಂಗೈ ಅಗಲದ ಪ್ಲಾಸ್ಟಿಕ್ಕನ್ನು ಗೋಡೆಗೆ ನಾಲ್ಕೂ ಕಡೆ ಟೇಪು ಹಚ್ಚಿ ಅಂಟಿಸಿ, ಒಂದೆರಡು ದಿನ ಬಿಡಿ. ಗೋಡೆಯ ಕಡೆಯ ಮೈಯಲ್ಲಿ ಹನಿ ಕೂತಿದ್ದರೆ ನೀರು ಗೋಡೆಯೊಳಗಿಂದ ಬರುತ್ತಿದೆ. ಕೋಣೆಯ ಕಡೆಯ ಮೈಯಲ್ಲಿ ಕೂತಿದ್ದರೆ ಗಾಳಿಯ ತೇವ ತಣ್ಣನೆಯ ಗೋಡೆಗೆ ತಾಗಿ ನೀರಾಗುತ್ತಿದೆ. ಬೀರುವನ್ನು ನಾಲ್ಕು ಬೆರಳು ಮುಂದಕ್ಕೆ ಸರಿಸಿ ಗಾಳಿ ಆಡಲು ಬಿಟ್ಟರೆ ಸರಿಹೋಗುತ್ತದೆ. ನ್ಯಾಫ್ತಲೀನ್ ಗುಳಿಗೆ ಇದಕ್ಕೆ ಮದ್ದಲ್ಲ. ಹಸುಗೂಸಿನ ಬಟ್ಟೆಯ ಹತ್ತಿರವಂತೂ ಅದನ್ನು ಇಡಲೇಬೇಡಿ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಮಕ್ಕಳಲ್ಲಿ ಅದರ ಆವಿ ಕೆಂಪು ರಕ್ತಕಣಗಳನ್ನು ಒಡೆದು ಕಾಮಾಲೆ ತರಬಲ್ಲದು. ಬಾಣಂತಿ ಕೋಣೆಯಲ್ಲಿ ಹಳೆಯ ಟ್ರಂಕಿನ ಬಟ್ಟೆಯನ್ನು ಹಾಗೇ ತೆಗೆದು ಮಗುವಿಗೆ ಸುತ್ತುವುದನ್ನು ಈಗಲೂ ಕಾಣುತ್ತೇನೆ. ಒಗೆದು ಬಿಸಿಲಿಗೆ ಹಾಕಿಯೇ ಬಳಸಬೇಕು.

ಮಲೆನಾಡಿನಲ್ಲಿ ಒಣಗಿದ ಮೇಲೂ ವಾಸನೆ ಬಿಡದ ಬಟ್ಟೆಗಳ ಕಾಟ ಎಲ್ಲರಿಗೂ ಗೊತ್ತು. ಬಟ್ಟೆ ನಿಧಾನವಾಗಿ ಆರುವಾಗ ಅದರ ಎಳೆಗಳಲ್ಲಿ ಬ್ಯಾಕ್ಟೀರಿಯಾ ಬೆಳೆದು ಈ ವಾಸನೆ ಬಿಡುತ್ತವೆ. ಬಿಸಿನೀರಿನಲ್ಲಿ ನೆನೆಸಿ ಒಗೆದು, ಬೇಗ ಆರುವಂತೆ ಬಿಡಿಬಿಡಿಯಾಗಿ ಹರವಬೇಕು. ಹಿಂದೆ ಬಚ್ಚಲೊಲೆಯ ಮೇಲೆ ಗಳು ಕಟ್ಟಿ ಹರವುತ್ತಿದ್ದುದು ಸರಿಯಾದ ಕ್ರಮವೇ. ಫ್ರಿಜ್ಜಿನ ವಾಸನೆ ಒಳಗೆ ಎಷ್ಟು ಒರೆಸಿದರೂ ಹೋಗದಿದ್ದರೆ ಅದರ ಬೆನ್ನ ಹಿಂದೆ ಕೆಳಗಿರುವ ನೀರಿನ ತಟ್ಟೆಯನ್ನು ತೆಗೆದು ತೊಳೆಯಿರಿ. ಈರುಳ್ಳಿ ಬುಟ್ಟಿಯ ತಳದಲ್ಲಿ ಕೊಳೆತ ಒಂದೇ ಒಂದು ಆಲೂಗಡ್ಡೆ ಹೆಣದಂಥ ನಾತ ಹೊಡೆಯಬಲ್ಲದು, ಇಲಿಗಾಗಿ ಅಟ್ಟ ಹತ್ತುವ ಮುಂಚೆ ಆ ಬುಟ್ಟಿ ನೋಡಿ.

ಹಿತ್ತಿಲಿನ ವಾಸನೆಗಳದ್ದು ಬೇರೆಯೇ ಲೋಕ. ಅಲ್ಲಿ ನಾತವೆಲ್ಲ ಕೊಳಕಲ್ಲ. ಮೇ ಕೊನೆ, ಜೂನ್ ಮೊದಲಲ್ಲಿ ಒಂದೆರಡು ಮಳೆ ಬಿದ್ದ ಮೇಲೆ ಹಿತ್ತಿಲಿನಲ್ಲಿ ಇದ್ದಕ್ಕಿದ್ದಂತೆ ಇಲಿ ಸತ್ತ ವಾಸನೆ ಏಳುತ್ತದೆ. ಬೇಲಿ, ಚರಂಡಿ ಎಲ್ಲ ಹುಡುಕಿದರೂ ಹೆಣ ಸಿಗದು. ನೊಣಗಳು ಹೋಗುತ್ತಿರುವ ಕಡೆ ನೋಡಿದರೆ ಬರಿಯ ನೆಲದಿಂದ, ಎಲೆಯಿಲ್ಲದೆ, ಒಂದು ಹೂವು ಎದ್ದಿರುತ್ತದೆ. ಹಿಂದಿನ ವರ್ಷ ಕೀಳದೆ ಬಿಟ್ಟ ಸುವರ್ಣಗೆಡ್ಡೆಯ ಹೂವು. ಅಂಚು ಮಡಿಸಿಕೊಂಡ ಅಗಲವಾದ ಬಟ್ಟಲು, ಅದರ ನಡುವೆ ಕಡುನೇರಳೆ ಬಣ್ಣದ, ಸುಕ್ಕು ಸುಕ್ಕಾದ ದೊಡ್ಡ ಗುಬಟು. ಹತ್ತಿರ ಕೂತು ನೋಡಿದರೆ ಬಟ್ಟಲಿನ ತಳದಲ್ಲಿ ಸಣ್ಣ ಜೀರುಂಡೆಗಳು ಒಂದರ ಮೇಲೊಂದು ಹರಿದಾಡುತ್ತಿರುತ್ತವೆ. ಕೊಳೆತ ಮಾಂಸವೆಂದು ನಂಬಿ ಬಂದ ಅವು ಒಂದು ಹೂವಿನ ಪರಾಗ ಹೊತ್ತು ಇನ್ನೊಂದಕ್ಕೆ ಹೋಗುತ್ತವೆ. ಆ ಹೊತ್ತಿನಲ್ಲಿ ಹೂವು ತನ್ನ ಮೈಯನ್ನೇ ಬಿಸಿ ಮಾಡಿಕೊಂಡು ವಾಸನೆಯನ್ನು ದೂರಕ್ಕೆ ಕಳಿಸುತ್ತದೆ. ನಾತ ಜೋರಾಗಿರುವುದು ಮೊದಲ ದಿನ, ಆಮೇಲೆ ಇಳಿಯುತ್ತದೆ. ಇದನ್ನು ಕಿತ್ತೆಸೆಯಬೇಡಿ. ಮಕ್ಕಳನ್ನು ಕರೆದು ತೋರಿಸಿ. ಹೂಬಿಡುವ ಕಾಲಕ್ಕೆ ಜನ ಸಾಲುಗಟ್ಟಿ ನೋಡುವ, ಸುಮಾತ್ರಾ ದ್ವೀಪದ ಪ್ರಸಿದ್ಧ ‘ಹೆಣದ ಹೂ’ ಇದೇ ಕುಲದ್ದು. ಅದರ ನೆಂಟ ನಮ್ಮ ಹಿತ್ತಿಲಲ್ಲೇ ಇದೆ.

ಕುಂಡದಲ್ಲಿ ಕಳ್ಳಿಯಂತೆ ಬೆಳೆಸುವ ಸ್ಟೆಪೀಲಿಯ ಗಿಡವೂ ಇದೇ ಉಪಾಯ ಹೂಡುತ್ತದೆ. ನಕ್ಷತ್ರದಾಕಾರದ ಅದರ ಹೂವಿಗೆ ಮೋಸಹೋಗಿ ನೊಣಗಳು ಮೊಟ್ಟೆಯನ್ನೇ ಇಟ್ಟು ಹೋಗುತ್ತವೆ. ಎಲೆ ಉದುರಿದ ಜಂಗಲಿ ಬಾದಾಮಿ ಮರ ಬೇಸಿಗೆಯ ಹೊಸ್ತಿಲಲ್ಲಿ ಹೂಬಿಟ್ಟರೆ ಇಡೀ ಬೀದಿಗೆ ಚರಂಡಿ ಒಡೆದಂತೆ ಅನ್ನಿಸುತ್ತದೆ. ಸ್ಟರ್ಕ್ಯುಲಿಯಾ ಫೀಟಿಡಾ ಎಂಬ ಅದರ ಶಾಸ್ತ್ರೀಯ ಹೆಸರು ಬಂದದ್ದೂ ಈ ನಾತದಿಂದಲೇ. ದೂರು ಕೊಟ್ಟು ಮರ ಕಡಿಸುವ ಮೊದಲು ತಲೆಯೆತ್ತಿ ಕೊಂಬೆ ನೋಡಿ. ಕೆಲವೇ ವಾರದಲ್ಲಿ ಹೂವು ಮುಗಿದು ಚಿಗುರು ಬರುತ್ತದೆ. ಒಳ್ಳೆಯದು ಕೆಟ್ಟದ್ದು ಎಂಬ ಗೆರೆ ವಾಸನೆಯ ಲೋಕದಲ್ಲಿ ಅಷ್ಟು ಗಟ್ಟಿಯಲ್ಲ. ಮಲ್ಲಿಗೆಯ ಕಂಪಿನಲ್ಲಿರುವ ಇಂಡೋಲ್ ಎಂಬ ವಸ್ತು ಮಲದ ವಾಸನೆಯಲ್ಲೂ ಇದೆ. ಅಲ್ಪವಾಗಿದ್ದರೆ ಹೂವಿನ ಪರಿಮಳ, ಅತಿಯಾದರೆ ನಾತ.

ಗೊಬ್ಬರದ ಗುಂಡಿ ಇಲ್ಲವೆ ಡ್ರಮ್ಮು ಇಟ್ಟುಕೊಂಡವರಿಗೆ ವಾಸನೆಯೇ ವೈದ್ಯ. ಕಣ್ಣು ಉರಿಯುವ ಅಮೋನಿಯಾ ಘಾಟು ಬಂದರೆ ತರಕಾರಿ ಸಿಪ್ಪೆ, ಸಗಣಿ ಹೆಚ್ಚಾಗಿ ತರಗು ಕಡಿಮೆಯಾಗಿದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ನೀರು ಹೆಚ್ಚಾಗಿ ಗಾಳಿ ಸತ್ತಿದೆ. ಎರಡಕ್ಕೂ ಮದ್ದು ಒಣ ಎಲೆ, ತೆಂಗಿನ ನಾರಿನ ಪುಡಿ, ಇಲ್ಲವೆ ಮರದ ಹೊಟ್ಟು ಧಾರಾಳವಾಗಿ ಸೇರಿಸಿ ಕೋಲಿನಿಂದ ತಿರುವಿಹಾಕುವುದು. ಚೆನ್ನಾಗಿ ಮಾಗಿದ ಗೊಬ್ಬರ ಕಾಡಿನ ಮಣ್ಣಿನಂತೆ ಘಮ್ಮೆನ್ನಬೇಕು. ತಾರಸಿಯ ಕುಂಡಗಳಲ್ಲಿ ನಾತ ಬಂದರೆ ಗಿಡವನ್ನು ಮೆಲ್ಲನೆ ಎತ್ತಿ ಬೇರು ನೋಡಿ. ಬೇರು ಕಪ್ಪಾಗಿ ಲೋಳೆಯಾಗಿದ್ದರೆ ತಳದ ತೂತು ಮುಚ್ಚಿಹೋಗಿದೆ, ನೀರು ಹೆಚ್ಚಾಗಿದೆ. ಬೇವಿನ ಹಿಂಡಿ, ಮೀನಿನ ಗೊಬ್ಬರ ಹಾಕಿದ ವಾಸನೆಗೆ ಹೆದರಬೇಡಿ. ಮೇಲೆ ಎರಡಂಗುಲ ಮಣ್ಣು ಮುಚ್ಚಿದರೆ ಅಡಗುತ್ತದೆ.

ಕೊನೆಯದಾಗಿ, ಹುಡುಕುತ್ತ ಕೂರಬಾರದ ವಾಸನೆಗಳು. ಮನೆಯಲ್ಲಿ ಮೀನು ತಂದಿಲ್ಲ, ಆದರೂ ಮೀನಿನಂಥ ವಾಸನೆ ಸ್ವಿಚ್‌ಬೋರ್ಡಿನ ಕಡೆಯಿಂದ ಬರುತ್ತಿದೆ ಎಂದರೆ ಒಳಗೆ ತಂತಿಯ ಕೀಲು ಸಡಿಲಾಗಿ ಪ್ಲಾಸ್ಟಿಕ್ಕು ಕಾಯುತ್ತಿದೆ. ಬಿಸಿಯಾದ ಕೆಲವು ಬಗೆಯ ಪ್ಲಾಸ್ಟಿಕ್ಕುಗಳು ಸುಡುವ ಮೊದಲು ಇಂಥ ವಾಸನೆ ಬಿಡುತ್ತವೆ. ಮೇನ್ ಸ್ವಿಚ್ ಆರಿಸಿ ಎಲೆಕ್ಟ್ರಿಷಿಯನ್ನನ್ನು ಕರೆಯಿರಿ, ನಾಳೆ ನೋಡೋಣ ಎನ್ನಬೇಡಿ.

ಅಡುಗೆ ಅನಿಲಕ್ಕೆ ಸ್ವಂತ ವಾಸನೆ ಇಲ್ಲ. 1937ರ ಮಾರ್ಚಿನಲ್ಲಿ ಅಮೆರಿಕದ ಟೆಕ್ಸಸ್ ರಾಜ್ಯದ ನ್ಯೂ ಲಂಡನ್ ಎಂಬ ಊರಿನ ಶಾಲೆಯ ನೆಲದಡಿಯಲ್ಲಿ ವಾಸನೆಯಿಲ್ಲದ ಅನಿಲ ಯಾರಿಗೂ ಗೊತ್ತಾಗದೆ ತುಂಬಿಕೊಂಡು ಸಿಡಿಯಿತು. ಸುಮಾರು 300 ಜನ ಸತ್ತರು, ಅವರಲ್ಲಿ ಹೆಚ್ಚಿನವರು ಮಕ್ಕಳು. ಆಮೇಲೆ ಅನಿಲಕ್ಕೆ ಕೆಟ್ಟ ವಾಸನೆ ಬೆರೆಸುವುದನ್ನು ಅಲ್ಲಿ ಕಡ್ಡಾಯ ಮಾಡಿದರು. ನಮ್ಮ 14.2 ಕಿಲೋ ಸಿಲಿಂಡರಿನಲ್ಲೂ ಆ ವಾಸನೆ ಈಥೈಲ್ ಮರ್ಕಾಪ್ಟನ್ ಎಂಬ ರಾಸಾಯನಿಕದ್ದು. ಅದು ಅನಿಲಕ್ಕಿಂತ ನಿಧಾನವಾಗಿ ಆವಿಯಾಗುವುದರಿಂದ ಸಿಲಿಂಡರ್ ಮುಗಿಯುವ ಹೊತ್ತಿಗೆ ವಾಸನೆ ಸ್ವಲ್ಪ ಗಾಢವಾಗುತ್ತದೆ. ಅಡುಗೆ ಮಾಡುವವರು ಇದನ್ನು ಗಮನಿಸಿರುತ್ತಾರೆ. ಹಾಗೆಂದು ಎಲ್ಲ ವಾಸನೆಗೂ ಅದೇ ಕಾರಣ ಎಂದು ಸುಮ್ಮನಿರಬಾರದು. ಈ ಅನಿಲ ಗಾಳಿಗಿಂತ ಭಾರ, ನೆಲದ ಮೇಲೆ ಹರಡಿ ನಿಲ್ಲುತ್ತದೆ. ವಾಸನೆ ಬಂದರೆ ಒಲೆ ಆರಿಸಿ, ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆಯಿರಿ. ಯಾವ ಸ್ವಿಚ್ಚನ್ನೂ ಹಾಕಬೇಡಿ, ಆರಿಸಲೂ ಬೇಡಿ. ದೇವರ ದೀಪ ಉರಿಯುತ್ತಿದ್ದರೆ ನಂದಿಸಿ. ಸೋರುವ ಜಾಗ ನೋಡಲು ಸೋಪಿನ ನೊರೆ ಹಚ್ಚಬೇಕು, ಕಡ್ಡಿ ಗೀರಬಾರದು.

ವಯಸ್ಸಾದಂತೆ ಮೂಗಿನ ಶಕ್ತಿ ಕುಗ್ಗುತ್ತದೆ. ಕೋವಿಡ್ ಬಂದಾಗ ವಾಸನೆ ಕಳೆದುಕೊಂಡ ಕೆಲವರಿಗೆ ಅದು ಪೂರ್ತಿಯಾಗಿ ಮರಳಿಲ್ಲ. ನಿಮ್ಮ ಊರಿನಲ್ಲಿ, ನಿಮ್ಮ ಬೀದಿಯಲ್ಲಿ ಒಂಟಿಯಾಗಿ ಅಡುಗೆ ಮಾಡಿಕೊಳ್ಳುವ ಹಿರಿಯರು ಇದ್ದೇ ಇರುತ್ತಾರೆ. ಅವರ ಮನೆಗೆ ಹೋದಾಗ ಮಾತಾಡಿಸಿ ಎದ್ದುಬರುವ ಮುಂಚೆ ಅಡುಗೆಮನೆಗೆ ಹೋಗಿ ಒಮ್ಮೆ ಬಗ್ಗಿ ಮೂಸಿ ನೋಡಿ. ರೆಗ್ಯುಲೇಟರಿನ ರಬ್ಬರ್ ಟ್ಯೂಬಿನ ಮೇಲೆ ಅಚ್ಚಾಗಿರುವ ವರ್ಷ ಓದಿ. ಐದು ವರ್ಷ ದಾಟಿದ್ದರೆ ಬದಲಾಯಿಸಿಕೊಡಿ. ಅನಿಲ ಸೋರಿಕೆಯ ತುರ್ತು ದೂರವಾಣಿ ಸಂಖ್ಯೆ 1906, ಹಗಲೂ ರಾತ್ರಿ ಕೆಲಸ ಮಾಡುತ್ತದೆ. ಅದನ್ನು ದೊಡ್ಡ ಅಕ್ಷರದಲ್ಲಿ ಬರೆದು, ಅಡುಗೆಮನೆಯಲ್ಲಲ್ಲ, ಹೊರಬಾಗಿಲ ಪಕ್ಕದಲ್ಲಿ ಅಂಟಿಸಿಕೊಡಿ. ಏಕೆಂದರೆ ಆ ಕರೆಯನ್ನು ಮನೆಯ ಹೊರಗೆ ನಿಂತೇ ಮಾಡಬೇಕು.